ಪೆನ್‌ಡ್ರೈವ್‌ನಲ್ಲಿ ಬಂದ ಕೇಸ್ ಶೀಟ್

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಹೆರಿಗೆ ಹೊತ್ತಿನಲ್ಲಿ ಮಗಳಿಗೆ ತೊಂದರೆಯಾಯಿತು. ಆಸ್ಪತ್ರೆಯವರು ದಾಖಲೆಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದಾರೆ. ಗ್ರಾಹಕ ಆಯೋಗದಲ್ಲಿ ಇದು ನಡೆಯುತ್ತದೆಯೇ? ನಡುವೆ ಯಾರಾದರೂ ತಿದ್ದಿದ್ದರೆ ಗೊತ್ತಾಗುವುದು ಹೇಗೆ?"

ಎರಡನೆಯ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಕಾಗದದ ಕೇಸ್ ಶೀಟ್ ತಿದ್ದಿದರೆ ಬೇರೆ ಶಾಯಿಯೋ, ಎರಡು ಸಾಲಿನ ನಡುವೆ ತುರುಕಿದ ಅಕ್ಷರವೋ ಗುಟ್ಟು ಬಿಟ್ಟುಕೊಡುತ್ತದೆ. ಕಂಪ್ಯೂಟರಿನಲ್ಲಿ 2:40 ಇದ್ದುದನ್ನು 2:10 ಮಾಡಿದರೆ ತೆರೆಯ ಮೇಲೆ ಒಂದು ಕಲೆಯೂ ಉಳಿಯುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಒಂದು ಸರ್ಟಿಫಿಕೇಟ್ ಕೇಳುತ್ತದೆ. ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ 'ಹ್ಯಾಶ್' ಬರೆಯಲು ಜಾಗವಿದೆ.

ಹ್ಯಾಶ್ ಅಂದರೇನು? ನಮ್ಮಮ್ಮ ಸಾರಿನ ಪುಡಿ ಮಾಡುತ್ತಿದ್ದುದು ನೆನಪಾಗುತ್ತದೆ. ಧನಿಯ, ಜೀರಿಗೆ, ಮೆಂತ್ಯ, ಮೆಣಸಿನಕಾಯಿ ಹುರಿದು ಮಿಲ್ಲಿಗೆ ಕಳಿಸುವುದು. ಒಮ್ಮೆ ಪುಡಿಯಾಯಿತೆಂದರೆ ಅದರಿಂದ ಧನಿಯವನ್ನು ಹೆಕ್ಕಿ ತೆಗೆಯಲಾಗದು. ಈಗ ಇಂಥ ಒಂದು ಮಿಲ್ಲನ್ನು ಊಹಿಸಿಕೊಳ್ಳಿ: ಪಾವು ಸಾಮಾನು ಹಾಕಿದರೂ ಮೂಟೆ ಹಾಕಿದರೂ ಒಂದೇ ಚಮಚ ಪುಡಿ ಬರುತ್ತದೆ. ಅದೇ ಸಾಮಾನನ್ನು ಎಷ್ಟು ಸಲ ಹಾಕಿದರೂ ಅದೇ ಬಣ್ಣ, ಅದೇ ಘಮ. ಆದರೆ ಒಂದೇ ಒಂದು ಕಾಳು ಮೆಂತ್ಯ ಹೆಚ್ಚಾದರೆ ಸಾಕು, ಕೆಂಪು ಪುಡಿ ಹಸಿರಾಗುತ್ತದೆ, ಘಮವೇ ಬೇರೆಯಾಗುತ್ತದೆ. ಹ್ಯಾಶ್ ಎಂದರೆ ಆ ಒಂದು ಚಮಚ. ಎಸ್‌ಎಚ್‌ಎ-256 ಎಂಬ ವಿಧಾನಕ್ಕೆ ಇಂಗ್ಲಿಷಿನ ಮೂರು ಸಣ್ಣಕ್ಷರ ಎಬಿಸಿ ಕೊಟ್ಟರೂ, ಸಿಟಿ ಸ್ಕ್ಯಾನಿನ ದೊಡ್ಡ ಫೈಲು ಕೊಟ್ಟರೂ ಬರುವುದು 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನಲ್ಲಿ 4 ಹೋಗಿ 1 ಬಂದರೆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ.

ನಾನೇ ಮಾಡಿ ನೋಡಿದೆ. ಅತ್ತೆಯ ಎಕ್ಸ್‌ರೇ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿದಾಗ ಹ್ಯಾಶ್ ಅಕ್ಷರಶಃ ಅದೇ ಬಂತು. ಅದೇ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ತಮ್ಮನಿಗೆ ಕಳಿಸಿ, ಅವನಿಂದ ವಾಪಸ್ ತರಿಸಿಕೊಂಡಾಗ ಬೇರೆಯೇ ಬಂತು. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸವಿಲ್ಲ, ಆದರೆ ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸಿತ್ತು. ಆಸ್ಪತ್ರೆಯ ರಿಪೋರ್ಟುಗಳನ್ನು ಹೀಗೆ ಮನೆಮಂದಿಗೆಲ್ಲ ಹಂಚಿ, ಮೂಲವನ್ನು ಅಳಿಸಿಬಿಟ್ಟವರನ್ನು ಕಂಡಾಗ ಸಂಕಟವಾಗುತ್ತದೆ.

ಈ ಸರ್ಟಿಫಿಕೇಟಿನ ಹಟ ಹಳೆಯ ಸಾಕ್ಷ್ಯ ಕಾಯ್ದೆಯ ಕಾಲದ್ದು; ಹುಟ್ಟಿದ್ದು ಆಸ್ಪತ್ರೆ ಪ್ರಕರಣದಲ್ಲಲ್ಲ, ಚುನಾವಣಾ ತಕರಾರಿನಲ್ಲಿ. 2014ರಲ್ಲಿ ಕೇರಳದ ಪಿ.ವಿ. ಅನ್ವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಟಿಫಿಕೇಟ್ ಇಲ್ಲದ ಸಿ.ಡಿ. ನಕಲುಗಳು ಸಾಕ್ಷ್ಯವಾಗಲಾರವು ಎಂದಿತು. 2020ರಲ್ಲಿ ಮಹಾರಾಷ್ಟ್ರದ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಯಂತ್ರ ಇರುವವರು ಸರ್ಟಿಫಿಕೇಟ್ ಕೊಡಲು ಒಪ್ಪದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಿಕೊಳ್ಳಬಹುದು ಎಂಬ ದಾರಿಯನ್ನೂ ಅದೇ ತೀರ್ಪು ತೋರಿಸಿತು. ರೋಗಿಯ ಕಡೆಯವರಿಗೆ ಬೇಕಾದದ್ದು ಈ ದಾರಿಯೇ, ಏಕೆಂದರೆ ಸರ್ವರ್ ಇರುವುದು ಎದುರು ಪಕ್ಷದ ಕೈಯಲ್ಲಿ. ಗ್ರಾಹಕ ಆಯೋಗದಲ್ಲಿ ಸಾಕ್ಷ್ಯ ಕಾನೂನಿನ ಬಿಗಿ ಸಿವಿಲ್ ಕೋರ್ಟಿನಷ್ಟಿಲ್ಲ, ಅಫಿಡವಿಟ್ ಮೇಲೆ ಬಹಳಷ್ಟು ನಡೆಯುತ್ತದೆ. ಹಾಗೆಂದು ಸರ್ಟಿಫಿಕೇಟ್ ಬಿಟ್ಟು ಹೋಗಬೇಡಿ.

ಸರ್ಟಿಫಿಕೇಟ್ ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂಬ ಆಯ್ಕೆಗಳಿವೆ. ಇದು ನನಗೆ ಸರಿಕಾಣುವುದಿಲ್ಲ. ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5ಗೆ 2004ರಲ್ಲೇ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ತಂಡ ಪೆಟ್ಟು ಕೊಟ್ಟಿತು: ಬೇರೆ ಬೇರೆ ಸಾಮಾನು ಹಾಕಿ ಒಂದೇ ಪುಡಿ ಬರಿಸಿ ತೋರಿಸಿತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಮತ್ತು ಗೂಗಲ್ ಸಂಶೋಧಕರು ಎರಡು ಬೇರೆ ಪಿಡಿಎಫ್‌ಗಳಿಗೆ ಒಂದೇ ಎಸ್‌ಎಚ್‌ಎ-1 ಬರುವಂತೆ ಮಾಡಿದರು. ಅದಾದ ಮೇಲೂ 2023ರಲ್ಲಿ ರೂಪಿಸಿದ ಈ ಕಾನೂನಿನಲ್ಲಿ ಇವೆರಡೂ ಏಕೆ? ನೀವು ಎಸ್‌ಎಚ್‌ಎ-256ನ್ನೇ ಕೇಳಿ.

ಇಷ್ಟಾದರೂ ಹ್ಯಾಶ್ ಸತ್ಯದ ಸಾಕ್ಷಿಯಲ್ಲ. ಪುಡಿ ಮಾಡಿದ ಮೇಲೆ ಸಾಮಾನು ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ. ಮಿಲ್ಲಿಗೆ ಬರುವ ಮೊದಲೇ ಕಲಬೆರಕೆಯಾಗಿದ್ದರೆ ಅದಕ್ಕೆ ತಿಳಿಯದು. ಆ ಕಲಬೆರಕೆ ಹಿಡಿಯಲು ಬೇಕಾದದ್ದು ಆಡಿಟ್ ಲಾಗ್: ಯಾವ ಲಾಗಿನ್‌ನಿಂದ, ಎಷ್ಟು ಗಂಟೆಗೆ, ಯಾವ ನಮೂದನ್ನು ಬರೆದರು, ಯಾವುದನ್ನು ಬದಲಿಸಿದರು ಎಂದು ಸಾಫ್ಟ್‌ವೇರ್ ತಾನಾಗಿ ಇಟ್ಟುಕೊಳ್ಳುವ ಪಟ್ಟಿ. ಪೆನ್‌ಡ್ರೈವ್‌ನ ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಕೊನೆಯ ರೂಪ ಮಾತ್ರ. ಗಡಿಯಾರಗಳನ್ನೂ ನೋಡಬೇಕು. ಮಗುವಿನ ಎದೆಬಡಿತ ದಾಖಲಿಸುವ ಸಿಟಿಜಿ ಯಂತ್ರದ ಗಡಿಯಾರ ಸರ್ವರ್‌ಗಿಂತ ಹತ್ತು ನಿಮಿಷ ಹಿಂದಿದ್ದರೆ, ಡಾಕ್ಟರು ತಡಮಾಡಿದರೋ ಇಲ್ಲವೋ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. ಇದರಿಂದ ಪ್ರಾಮಾಣಿಕ ವೈದ್ಯರೂ ಸಿಕ್ಕಿಬೀಳಬಹುದು.

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವುದು 2 ವರ್ಷ. ದಾವಣಗೆರೆಯ ಆ ತಂದೆಗೆ ನಾನು ಬರೆದದ್ದು ಇಷ್ಟು: ಆ ಪೆನ್‌ಡ್ರೈವ್‌ನಿಂದ ಏನನ್ನೂ ಅಳಿಸಬೇಡಿ, ಫೈಲುಗಳ ಹೆಸರನ್ನೂ ಮುಟ್ಟಬೇಡಿ. ಸಿಟಿಜಿ ಪಟ್ಟಿಯ ಮೂಲ ಫೈಲು ಮತ್ತು ಆಡಿಟ್ ಲಾಗ್ ಬೇಕೆಂದು ಈ ವಾರವೇ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಆಸ್ಪತ್ರೆಯ ಸೀಲು, ತಾರೀಖು ಹಾಕಿಸಿಕೊಳ್ಳಿ.