ನಾಯಿ ಕೊಡೋದಕ್ಕೂ ಕುಲ ಕೇಳಬೇಕೇನ್ರಿ?

ಬೀದಿ ನಾಯಿ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದು ಒಳ್ಳೇ ಮಾತು ಹೇಳಿತು. ಪ್ರಾಣಿಪ್ರಿಯರು ನಗರ ಸಂಸ್ಥೆಗೆ ಅರ್ಜಿ ಹಾಕಿ ಬೀದಿ ನಾಯಿಯನ್ನು ದತ್ತು ಪಡೆಯಬಹುದು. ಪಡೆದ ಮೇಲೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವರದೇ ಹೊಣೆ.

ಸರಿ. ನಾಳೆ ಬೀದರಿನಲ್ಲಿ, ಭಾಲ್ಕಿ ಪುರಸಭೆಯಲ್ಲಿ, ಔರಾದ ಪಟ್ಟಣ ಪಂಚಾಯತಿಯಲ್ಲಿ ಇಂಥ ಅರ್ಜಿ ಬಂತು ಅಂತ ಇಟ್ಟುಕೊಳ್ಳಿ. ಮೇಜಿನ ಆಚೆ ಕೂತ ಸಾಹೇಬರು ಏನು ಕೇಳ್ತಾರ? ಸ್ವಂತ ಮನಿ ಅದ ಏನು? ಕಂಪೌಂಡ್ ಅದ ಏನು? ಖಾಯಂ ಪತ್ತಾ ಎಲ್ಲಿ? ಬಂಗಲೆಯವರಿಗೆ ಇದು ಸಲೀಸು. ವರ್ಷದಾಗ ಕೆಲವು ತಿಂಗಳು ಕಬ್ಬು ಕಡಿಯಲಿಕ್ಕೆ ಹೋಗುವ ತಾಂಡಾದವನಿಗೆ? ಊರ ಹೊರಗೆ ಗುಡಿಸಲು ಹಾಕಿಕೊಂಡ ಹರಣಶಿಕಾರಿಗೆ? ಬಾಯಿಬಿಟ್ಟು ಯಾರೂ ಹೇಳಲಿಕ್ಕಿಲ್ಲ, ಮನಸ್ಸಿನೊಳಗಿನ ಮಾತು ಮಾತ್ರ ಒಂದೇ: "ಶಿಕಾರಿ ಮಂದಿಗೆ ನಾಯಿ ಯಾಕ, ಮೊಲ ಹಿಡಿಯಲಿಕ್ಕಲ್ಲೇನು?"

ಈ ಅನುಮಾನ ಇವತ್ತು ನಿನ್ನೆಯದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದು, ಕುಲಕ್ಕೆ ಕುಲವನ್ನೇ ಕಳ್ಳರ ಪಟ್ಟಿಗೆ ಸೇರಿಸಿದರು. ಪಾರ್ಧಿಗಳೂ ಅದರಾಗ ಬಂದರು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯಿತು. ಕಾಗದದ ಮೇಲಿನದು ಅಳಿಯಿತು, ತಲೆಯೊಳಗಿನದು ಅಳಿಯಲಿಲ್ಲ.

ಈಗ ತಮಾಷೆ ನೋಡಿ. ಮುಧೋಳ ನಾಯಿ ಅಂದರೆ ಎಲ್ಲರಿಗೂ ಅಭಿಮಾನ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. ಸೈನ್ಯಕ್ಕೂ ಹೋಯಿತು. ಈ ತಳಿಯನ್ನು ಬೆಳೆಸಿದ ಕೀರ್ತಿ ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರದು, ಖರೆ. ಆದರೆ ಅವರಿಗೆ ಈ ನಾಯಿ ಕಂಡದ್ದು ಎಲ್ಲಿ? ಅಲ್ಲಿಯ ಬೇಟೆಗಾರ ಮಂದಿಯ ಹತ್ತಿರ. ಇದೇ ಜಾತಿಯ ನಾಯಿಗೆ ಕಾರವಾನ್ ಅಂತ ಇನ್ನೊಂದು ಹೆಸರಿದೆ. ಕಾರವಾನ್ ಅಂದರೆ ಊರೂರು ಸಾಗುವ ವರ್ತಕರ ತಂಡ. ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ನಮ್ಮ ಲಂಬಾಣಿಗರು ಹಿಂದೆ ಮಾಡಿದ್ದು ಇದನ್ನೇ ಅಲ್ಲವೇ?

ಆ ತಳಿಯ ಸಂಶೋಧನಾ ಕೇಂದ್ರ ಇರುವುದು ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ. ನಡೆಸುವುದು ನಮ್ಮ ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಅಂದರೆ ಬೇಟೆಗಾರನ ನಾಯಿಗೆ ವಿಶ್ವವಿದ್ಯಾಲಯದ ಮರ್ಯಾದೆ ಸಿಕ್ಕಿತು. ಬೇಟೆಗಾರನ ಮೊಮ್ಮಗನಿಗೆ ಸಿಕ್ಕಿದ್ದು ಅನುಮಾನ!

ಕುಲ ನೋಡಿ ಅಳೆಯುವುದು ಎಷ್ಟು ಹುಚ್ಚು ಅಂತ ಗಡಿಯಲ್ಲಿರುವ ನಮಗಿಂತ ಚೆನ್ನಾಗಿ ಯಾರು ಬಲ್ಲರು? ಔರಾದಿನ ಲಂಬಾಣಿ ಪರಿಶಿಷ್ಟ ಜಾತಿ. ಉದಗೀರಿನ ಅವನ ಬೀಗ ವಿಮುಕ್ತ ಜಾತಿ. ಜಹೀರಾಬಾದಿನ ಅವನ ಅಳಿಯ ಪರಿಶಿಷ್ಟ ಪಂಗಡ. ಭಾಷೆ ಒಂದೇ, ಹಬ್ಬ ಒಂದೇ, ಸರ್ಕಾರಿ ಚೀಟಿ ಮಾತ್ರ ಮೂರು. ಇಂಥ ಚೀಟಿ ನೋಡಿ ನಾಯಿ ಸಾಕುವ ಯೋಗ್ಯತೆ ತಿಳಿಯುತ್ತದೇನು?

ಇನ್ನೊಂದು ಬದಿಯನ್ನೂ ಹೇಳಬೇಕು. ಬೀದರ್ ಸುತ್ತಮುತ್ತ ಕೃಷ್ಣಮೃಗಗಳಿವೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವುಗಳ ಬೇಟೆ ಅಪರಾಧ. ನಾಯಿ ಬಿಟ್ಟು ಬೇಟೆ ಆಡಿದವರನ್ನು ಹಿಡಿಯಲಿ, ಯಾರು ಬೇಡ ಅಂದರು? ಆದರೆ ಆ ಪ್ರಶ್ನೆ ಜೀಪಿನಲ್ಲಿ ಬರುವ ಧಣಿಗೂ ಕೇಳಬೇಕು. ಗುಡಿಸಲಿನವನಿಗೆ ಮಾತ್ರ ಕೇಳಿದರೆ ಅದು ಮೃಗರಕ್ಷಣೆ ಅಲ್ಲ, ಹಳೇ ಪಟ್ಟಿಯ ಮುಂದುವರಿಕೆ.

ಹಾಗಾದರೆ ಏನು ಕೇಳಬೇಕು? ರೇಬೀಸ್ ಚುಚ್ಚುಮದ್ದು ವರ್ಷಾವರ್ಷ ಹಾಕಿಸ್ತೀರೇನು? ಸಂತಾನಹರಣಕ್ಕೆ ಒಪ್ಪಿಗೆ ಅದ ಏನು? ದುಡಿಯಲಿಕ್ಕೆ ಹೋದಾಗ ನಾಯಿ ನಿಮ್ಮ ಜೊತೆ ಬರ್ತದೋ, ಇಲ್ಲ ನೋಡಿಕೊಳ್ಳುವವರು ಯಾರಾದರೂ ಅದಾರೋ? ಮೂರು ಪ್ರಶ್ನೆ ಸಾಕು, ಎಲ್ಲರಿಗೂ ಅವೇ ಮೂರು. ಕಂಪೌಂಡಿನೊಳಗೆ ಹಗಲಿಡೀ ಸರಪಳಿಯಲ್ಲಿ ಒದ್ದಾಡುವ ನಾಯಿಗಿಂತ, ತಾಂಡಾದಲ್ಲಿ ಮಕ್ಕಳ ಜೊತೆ ರೊಟ್ಟಿ ತಿಂದು ರಾತ್ರಿ ಕುರಿ ಕಾಯುವ ನಾಯಿ ಸುಖವಾಗಿರಬಹುದು.

ಸರ್ಕಾರ ಜಾತಿ, ಹುಟ್ಟಿದ ಜಾಗ ನೋಡಿ ಭೇದ ಮಾಡಬಾರದು ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ. ನಗರ ಸಂಸ್ಥೆಯೂ ಸರ್ಕಾರವೇ. ಅರ್ಜಿಯ ನಮೂನೆ ಅಚ್ಚಾಗುವ ಮೊದಲೇ ಮೂರೂ ಊರಿನ ಅಧಿಕಾರಿಗಳು ಇದನ್ನು ನೆನಪಿಟ್ಟರೆ ಒಳ್ಳೆಯದು. ನಾಯಿಯಂತೂ ಅನ್ನ ಹಾಕಿದವನ ಕುಲ ಕೇಳೋದಿಲ್ಲ.