ಒಂದಕ್ಷರ ತಪ್ಪಿದರೆ ಡಿಸ್ಕ್ ಖಾಲಿ: ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆಯುವ ಬಗೆ

ಹರಿಯಬ್ಬೆ (ಹಿರಿಯೂರು ತಾ.): ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಹಳೆಯ ಗಣಕಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗೆಂದು ಸುಸ್ಥಿತಿಯಲ್ಲಿರುವ ಯಂತ್ರವನ್ನು ಮೂಲೆಗಿಡಬೇಕಾಗಿಲ್ಲ. ಅದಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಬಹುದು. ಲಿನಕ್ಸ್ ಇರುವ ಇನ್ನೊಂದು ಗಣಕಯಂತ್ರ ಹಾಗೂ 8 ಜಿಬಿಯ ಒಂದು ಪೆನ್‌ಡ್ರೈವ್ ಇದ್ದರೆ ಸಾಕು. ಊರಿನಲ್ಲಿ ಅಂತರ್ಜಾಲ ನಿಧಾನವಾಗಿದ್ದರೆ ಡೆಬಿಯನ್‌ನ ಐಎಸ್‌ಒ ಕಡತವನ್ನು ಹಿರಿಯೂರಿನಲ್ಲೇ ಇಳಿಸಿಕೊಂಡು ತರಬಹುದು.

ಈ ಕಡತವನ್ನು ಪೆನ್‌ಡ್ರೈವ್‌ಗೆ ಕೇವಲ ಕಾಪಿ ಮಾಡಿದರೆ ಯಂತ್ರ ಅದರಿಂದ ಆರಂಭವಾಗದು. ಆರಂಭಕ್ಕೆ ಬೇಕಾದ ಮಾಹಿತಿ ಡ್ರೈವ್‌ನ ಮೊದಲ ಭಾಗದಲ್ಲೇ ಇರಬೇಕು. ಆದ್ದರಿಂದ ಕಡತವನ್ನು ಇದ್ದ ಹಾಗೆಯೇ ಮೊದಲ ಬೈಟ್‌ನಿಂದ ಬರೆಯಬೇಕಾಗುತ್ತದೆ. ‘ಡಿಡಿ’ ಎಂಬ ಎರಡಕ್ಷರದ ಆದೇಶ ಮಾಡುವುದು ಈ ಕೆಲಸವನ್ನೇ.

ಅಪಾಯವಿರುವುದೂ ಇಲ್ಲಿಯೇ. ‘ಖಚಿತವೇ?’ ಎಂದು ಡಿಡಿ ಒಮ್ಮೆಯೂ ಕೇಳುವುದಿಲ್ಲ. ಪೆನ್‌ಡ್ರೈವ್‌ನ ಬದಲು ಯಂತ್ರದೊಳಗಿನ ಡಿಸ್ಕ್‌ನ ಹೆಸರು ಕೊಟ್ಟರೆ ಅದರ ಮೇಲೆಯೇ ಬರೆಯುತ್ತದೆ. ಮದುವೆಯ ಚಿತ್ರಗಳು, ಅಂಗಡಿಯ ಲೆಕ್ಕ ಮರಳಿ ಸಿಗುವುದು ಕಷ್ಟ. ಇದನ್ನು ‘ಡಿಸ್ಕ್ ಡೆಸ್ಟ್ರಾಯರ್’ ಎಂದು ಬಲ್ಲವರು ಕರೆಯುವುದು ಬರೀ ತಮಾಷೆಗಲ್ಲ.

ಆದ್ದರಿಂದ ಮೊದಲು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಐದಕ್ಷರದ ಆದೇಶ ಕೊಡಿ. (ಇಲ್ಲಿನ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.) ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಚುಚ್ಚುವ ಮೊದಲು ಒಮ್ಮೆ, ಚುಚ್ಚಿದ ನಂತರ ಒಮ್ಮೆ ನೋಡಿ. ಹೊಸದಾಗಿ ಸೇರಿದ ಹೆಸರೇ ಪೆನ್‌ಡ್ರೈವ್. ಗಾತ್ರವನ್ನೂ ತಾಳೆ ನೋಡಿ. ‘ಎಸ್‌ಡಿಎ’ ಎಂದರೆ ಯಾವಾಗಲೂ ಒಳಗಿನ ಡಿಸ್ಕ್ ಎಂದು ನಂಬುವಂತಿಲ್ಲ. ಎನ್‌ವಿಎಂಇ ಡಿಸ್ಕ್ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಪೆನ್‌ಡ್ರೈವ್‌ಗೇ ಆ ಹೆಸರು ಬರಬಹುದು.

ಹೆಸರು ಎಸ್‌ಡಿಬಿ ಎಂದಿಟ್ಟುಕೊಳ್ಳೋಣ. ಅದರ ವಿಭಾಗ ತೆರೆದುಕೊಂಡಿದ್ದರೆ ‘ಸುಡೊ ಯುಮೌಂಟ್ /ಡೆವ್/ಎಸ್‌ಡಿಬಿ1’ ಎಂದು ಬಿಡಿಸಿ. ನಂತರದ ಆದೇಶ ಹೀಗಿದೆ:

ಸುಡೊ ಡಿಡಿ ಐಎಫ್=ಡೆಬಿಯನ್.ಐಎಸ್‌ಒ ಒಎಫ್=/ಡೆವ್/ಎಸ್‌ಡಿಬಿ ಬಿಎಸ್=4ಎಂ ಕಾನ್ವ್=ಎಫ್‌ಸಿಂಕ್ ಸ್ಟೇಟಸ್=ಪ್ರೋಗ್ರೆಸ್

‘ಐಎಫ್’ ಎಂದರೆ ಓದುವ ಕಡತ, ‘ಒಎಫ್’ ಎಂದರೆ ಬರೆಯುವ ಜಾಗ. ‘4ಎಂ’ನಲ್ಲಿ ಮಾತ್ರ ದೊಡ್ಡಕ್ಷರ. ಇಲ್ಲಿ ಎಸ್‌ಡಿಬಿಯ ಮುಂದೆ 1 ಸೇರಿಸಬಾರದು; ಬರೆಯಬೇಕಾದದ್ದು ಇಡೀ ಡ್ರೈವ್‌ಗೆ. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದರಿಂದ ಬೇಕಾದುದನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಮತ್ತೆ ಮೊದಲಿನಿಂದ ಬರೆದರಾಯಿತು. ವಿಂಡೋಸ್‌ನ ಐಎಸ್‌ಒಗೆ ಈ ವಿಧಾನ ಸಾಮಾನ್ಯವಾಗಿ ಒಗ್ಗದು.

ಹಳೆಯ ಯಂತ್ರವನ್ನು ಆರಂಭಿಸುವಾಗ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಿ (ಕಂಪನಿಗೆ ತಕ್ಕಂತೆ ಬದಲಾಗುತ್ತದೆ) ಪೆನ್‌ಡ್ರೈವ್ ಆಯ್ದುಕೊಳ್ಳಿ. ಡೆಬಿಯನ್‌ನ ಚಿತ್ರಾತ್ಮಕ ಅನುಸ್ಥಾಪಕ ಮೊದಲು ಕೇಳುವುದು ಭಾಷೆಯನ್ನು. ಆ ಪಟ್ಟಿಯಲ್ಲಿ ಕನ್ನಡವೂ ಇದೆ.