ಗ್ರೀಕ್ ಪುರಾಣಗಳಲ್ಲಿ ಬಿಲ್ಲುಗಾರರು ಮತ್ತು ಬೇಟೆಗಾರರು

ಆಯುಧವು ಕೈಸೇರಿದ ಮಾತ್ರಕ್ಕೆ ಮನುಷ್ಯನು ವೀರನಾಗಲಾರನು. ಅದನ್ನು ಪ್ರಯೋಗಿಸುವ ಕೌಶಲದೊಡನೆ ಪ್ರಯೋಗಿಸದೆ ತಡೆಯುವ ಸಂಯಮವೂ ಅವನಲ್ಲಿರಬೇಕು. ನಮ್ಮ ಪೂರ್ವಿಕರು ಯವನರೆಂದು ಕರೆದ ಪ್ರಾಚೀನ ಗ್ರೀಕರ ಪುರಾಣಗಳಲ್ಲಿ ಬಿಲ್ಲುಗಾರರ, ಬೇಟೆಗಾರರ ಕಥೆಗಳನ್ನು ಪರಿಶೀಲಿಸಿದರೆ ಈ ತತ್ತ್ವವೇ ನಾನಾ ರೂಪಗಳಲ್ಲಿ ಗೋಚರಿಸುತ್ತದೆ.

ಗ್ರೀಕ್ ದೇವತೆಗಳಲ್ಲಿ ಅಪೊಲೊ ಮತ್ತು ಆರ್ಟೆಮಿಸ್ ಎಂಬ ಅವಳಿಗಳು ಧನುರ್ಧಾರಿಗಳು. ಅಪೊಲೊ ಸಂಗೀತಕ್ಕೂ ವೈದ್ಯಕ್ಕೂ ಅಧಿದೇವತೆ. ಆದರೂ ಹೋಮರನ 'ಇಲಿಯಡ್' ಕಾವ್ಯದ ಆದಿಯಲ್ಲಿ ಅವನ ಬಾಣಗಳು ಸೇನೆಯ ಮೇಲೆ ಮಹಾಮಾರಿಯಾಗಿ ಎರಗುತ್ತವೆ. ಆರ್ಟೆಮಿಸ್ ಬೇಟೆಯ ಒಡತಿ. ಕಾಡಿನ ಎಳೆಯ ಮರಿಗಳ ರಕ್ಷಕಿಯೂ ಅವಳೇ. ಕೊಲ್ಲಬಲ್ಲ ಕೈಯೇ ಕಾಯಲೂ ಬೇಕೆಂಬುದು ಇದರ ಇಂಗಿತ.

ಈ ಮೇರೆಯನ್ನು ಮೀರಿದವರ ಗತಿ ದಾರುಣವಾದುದು. ಥೀಬ್ಸಿನ ರಾಜವಂಶದ ಆಕ್ಟಿಯಾನನು ಆರ್ಟೆಮಿಸಳ ಸ್ನಾನವನ್ನು ಕಂಡ ಅಪರಾಧಕ್ಕಾಗಿ ಸಾರಂಗವಾಗಿ, ತಾನೇ ಸಾಕಿದ ನಾಯಿಗಳಿಗೆ ಆಹಾರವಾದನು. ಭೂಮಿಯ ಮೃಗಗಳನ್ನೆಲ್ಲ ಕೊಲ್ಲುವೆನೆಂದು ಜಂಬ ಕೊಚ್ಚಿದ ಒರಾಯನ್ ಎಂಬ ವ್ಯಾಧನನ್ನು ಭೂದೇವಿಯು ಕಳುಹಿದ ಚೇಳು ಕಚ್ಚಿ ಕೊಂದಿತೆಂದು ಒಂದು ಕಥೆ. ಇಬ್ಬರೂ ನಕ್ಷತ್ರಗಳಾದರು, ಇಂದಿಗೂ ಪೂರ್ವದಲ್ಲಿ ವೃಶ್ಚಿಕವು ಉದಯಿಸುವಾಗ ಪಶ್ಚಿಮದಲ್ಲಿ ಒರಾಯನ್ ಅಸ್ತಮಿಸುತ್ತದೆ. ನಮ್ಮ ಮೃಗಶಿರಾ ನಕ್ಷತ್ರವಿರುವುದು ಈ ತಾರಾಪುಂಜದಲ್ಲಿಯೇ.

ಬಿಲ್ಲಾಳುಗಳಲ್ಲಿ ಅಗ್ರಗಣ್ಯನು ಹೆರಾಕ್ಲೀಸ್. ಲೆರ್ನಾ ಎಂಬಲ್ಲಿದ್ದ ಬಹುಶಿರದ ಸರ್ಪವನ್ನು ಸಂಹರಿಸಿ, ಅದರ ವಿಷದಲ್ಲಿ ತನ್ನ ಬಾಣಗಳನ್ನು ಅದ್ದಿಕೊಂಡನು. ಅಂಥ ಬಾಣದಿಂದ ಹತನಾದ ನೆಸ್ಸಸನ ರಕ್ತವು ಕಾಲಾಂತರದಲ್ಲಿ ಒಂದು ವಸ್ತ್ರಕ್ಕೆ ಲೇಪಿತವಾಗಿ, ಅದನ್ನುಟ್ಟ ಹೆರಾಕ್ಲೀಸನ ಮೈಯನ್ನೇ ಸುಟ್ಟಿತು. ತಾನು ಹೂಡಿದ ವಿಷ ತನಗೇ ಮರಳಿತು! ಗ್ರೀಕಿನಲ್ಲಿ ಬಿಲ್ಲಿಗೆ 'ಟಾಕ್ಸಾನ್' ಎಂದು ಹೆಸರು. ವಿಷಯುಕ್ತವೆಂಬ ಅರ್ಥದ 'ಟಾಕ್ಸಿಕ್' ಎಂಬ ಇಂಗ್ಲಿಷ್ ಶಬ್ದದ ಮೂಲವೂ ಅದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸಾಯುವ ಮುನ್ನ ಹೆರಾಕ್ಲೀಸನು, ತನ್ನ ಚಿತೆಗೆ ಬೆಂಕಿಯಿಟ್ಟು ಉಪಕರಿಸಿದ ಫಿಲೊಕ್ಟೀಟಸನಿಗೆ ಆ ಬಿಲ್ಲನ್ನು ಕೊಟ್ಟನು. ಮುಂದಿನ ಕಥೆಯನ್ನು ಸೋಫೊಕ್ಲೀಸ್ ಮಹಾಕವಿಯು ಕ್ರಿಸ್ತಪೂರ್ವ 409ರಲ್ಲಿ ನಾಟಕವಾಗಿಸಿ ಪ್ರಥಮ ಬಹುಮಾನ ಪಡೆದನು. ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ನಾಟಕಕ್ಕೆ ಮಾದರಿಯಾದ 'ಏಜಾಕ್ಸ್' ಕೃತಿಯೂ ಇದೇ ಕವಿಯದು. ಟ್ರಾಯ್ ಯುದ್ಧಕ್ಕೆ ಹೊರಟ ಫಿಲೊಕ್ಟೀಟಸನ ಕಾಲಿಗೆ ಹಾವು ಕಚ್ಚಿ ವ್ರಣವಾಯಿತು. ಅದರ ದುರ್ಗಂಧವನ್ನೂ ಅವನ ಆರ್ತನಾದವನ್ನೂ ಸಹಿಸದ ಸಂಗಡಿಗರು ಅವನನ್ನು ಲೆಮ್ನಾಸ್ ದ್ವೀಪದಲ್ಲಿ ತೊರೆದು ಹೋದರು. ಹತ್ತನೆಯ ವರ್ಷದಲ್ಲಿ, ಆ ಬಿಲ್ಲಿಲ್ಲದೆ ಟ್ರಾಯ್ ಬೀಳದೆಂದು ಭವಿಷ್ಯವಾಣಿಯಾದಾಗ ಅವರಿಗೆ ಅವನ ನೆನಪಾಯಿತು! ಚತುರನಾದ ಒಡಿಸ್ಯೂಸನು ಅಕಿಲೀಸನ ಮಗನಾದ ನಿಯೊಪ್ಟೊಲೆಮಸನಿಗೆ ಸುಳ್ಳನ್ನು ಕಲಿಸಿ ಕಳುಹಿದನು. ನೋವಿನಿಂದ ಮೂರ್ಛೆಹೋಗುವ ಮುನ್ನ ರೋಗಿಯು ಬಿಲ್ಲನ್ನು ನಂಬಿಕೆಯಿಂದ ಆ ತರುಣನ ಕೈಗಿತ್ತನು. ಕಾರ್ಯ ಕೈಗೂಡಿತ್ತು, ಆದರೆ ತರುಣನ ಅಂತಃಕರಣ ಒಪ್ಪಲಿಲ್ಲ. ಸತ್ಯವನ್ನು ನುಡಿದು, ಕಡೆಗೆ ಒಡಿಸ್ಯೂಸನ ವಿರೋಧವನ್ನು ಲೆಕ್ಕಿಸದೆ ಬಿಲ್ಲನ್ನು ಹಿಂದಿರುಗಿಸಿದನು. ಬಿಲ್ಲು ದೊರೆತೊಡನೆ ಫಿಲೊಕ್ಟೀಟಸನು ಒಡಿಸ್ಯೂಸನ ಮೇಲೆ ಬಾಣ ಹೂಡಲು, ಆ ಕೈಯನ್ನು ತಡೆದವನೂ ಅವನೇ. ಕೊನೆಗೆ ದೈವತ್ವ ಪಡೆದ ಹೆರಾಕ್ಲೀಸನು ಪ್ರತ್ಯಕ್ಷನಾಗಿ ಫಿಲೊಕ್ಟೀಟಸನಿಗೆ ಟ್ರಾಯ್‌ಗೆ ಹೋಗಲು ಅಪ್ಪಣೆಯಿತ್ತು, ಪಟ್ಟಣವನ್ನು ಗೆದ್ದಾಗಲೂ ದೇವರ ಭಯವನ್ನು ಮರೆಯದಿರಿ ಎಂದು ಇಬ್ಬರನ್ನೂ ಎಚ್ಚರಿಸುತ್ತಾನೆ.

ಆ ಎಚ್ಚರಿಕೆಯ ಕಾರಣ ಗ್ರೀಕ್ ಪ್ರೇಕ್ಷಕರಿಗೆ ತಿಳಿದಿತ್ತು. ಟ್ರಾಯ್ ಬಿದ್ದ ರಾತ್ರಿ ದೇವಪೀಠವನ್ನು ಆಶ್ರಯಿಸಿದ ವೃದ್ಧ ರಾಜ ಪ್ರಯಾಮನನ್ನು ಕೊಂದವನು ಇದೇ ನಿಯೊಪ್ಟೊಲೆಮಸನೆಂದು ಪುರಾಣ ಹೇಳುತ್ತದೆ. ಒಂದು ದಿನ ಪರರ ಕೈಯನ್ನು ತಡೆದವನು ಮತ್ತೊಂದು ದಿನ ತನ್ನ ಕೈಯನ್ನು ತಡೆಯಲಾರದೆ ಹೋದನು. ಸಂಯಮವು ಒಮ್ಮೆ ಗಳಿಸಿ ಕೂಡಿಡುವ ಧನವಲ್ಲ. ಅನುದಿನವೂ ಹೊಸದಾಗಿ ಗಳಿಸಬೇಕಾದುದು.